ಬರ್ಮಾ ರಸ್ತೆ ಹಾಕಿದ ತಾತ

ತಾತನ ಬಲಗೈಯಲ್ಲಿ ಎರಡು ಬೆರಳುಗಳಿರಲಿಲ್ಲ. ಉಳಿದ ಮೂರರಲ್ಲೇ ಹಿಪ್ಪುನೇರಳೆ ಸೊಪ್ಪನ್ನು ಹರೆಯದವರಿಗಿಂತ ಬೇಗ ಕೊಯ್ಯುತ್ತಿದ್ದರು. ನಾನು ಸುಗಟೂರಿನ ಶಾಲೆಗೆ ಟೀಚರಾಗಿ ಬಂದದ್ದು ಎಂಬತ್ತರ ದಶಕದ ಮೊದಲಲ್ಲಿ. ಶಾಲೆಯ ಹಿಂದೆಯೇ ಅವರ ಕೇರಿ; ಮಕ್ಕಳಂತೆ ನಾನೂ ಅವರನ್ನು ತಾತ ಎಂದೇ ಕರೆಯುತ್ತಿದ್ದೆ. ಮಳೆ ಬಂದ ಮಾರನೆಯ ದಿನ ಗುದ್ದಲಿ ಹಿಡಿದು ಬಸ್ಸು ನಿಲ್ಲುವಲ್ಲಿಗೆ ಬರುವರು. ಯಾರೂ ಹೇಳದಿದ್ದರೂ ಗುಂಡಿ ಮುಚ್ಚುವರು, ಪಕ್ಕದಲ್ಲಿ ಕಾಲುವೆ ತೋಡುವರು. "ಮೊದ್ಲು ನೀರಿಗೆ ದಾರಿ ಬಿಡ್ಬೇಕು ಟೀಚರಮ್ಮ, ಆಮೇಲೆ ಬಸ್ಸಿಗೆ."

ಮಹಾಯುದ್ಧದ ಕಾಲದಲ್ಲಿ ದಂಡು ಸೇರಿ, ಅಸ್ಸಾಮಿನಿಂದ ಬರ್ಮಾಕ್ಕೆ ಕಾಡು ಕಡಿದು ರಸ್ತೆ ಹಾಕಿದವರು ಅವರು.

ಒಂದು ಆಗಸ್ಟ್ ಹದಿನೈದರಂದು ಶಾಲೆಯಲ್ಲಿ ಸ್ವಾತಂತ್ರ್ಯ ಹೋರಾಟಗಾರರಿಗೆ ಸನ್ಮಾನವಿತ್ತು. ತಾತ ಒಗೆದ ಅಂಗಿಗೆ ಪದಕ ಸಿಕ್ಕಿಸಿಕೊಂಡು ಬಂದು, "ನನ್ ಜೊತೆ ದುಡಿದು ಸತ್ತೋನೊಬ್ಬ ಇದ್ದ. ಅವನ ಹೆಸರು ಮೈಕಲ್ಲಿ ಒಂದ್ಸಲ ಹೇಳ್ತೀರಾ?" ಎಂದು ನನ್ನನ್ನು ಕೇಳಿದರು. ವೇದಿಕೆಯ ಮೇಲಿದ್ದ ಊರ ಹಿರಿಯರೊಬ್ಬರ ಕಿವಿಗೆ ಅದು ಬಿತ್ತು.

"ಲೇ, ನೀನು ಬಿಳಿಯೋರ ಚಾಕರಿ ಮಾಡ್ದೋನು. ಹಿಂದೆ ಹೋಗಿ ನಿಂತ್ಕೋ."

ಮೈಕು ನನ್ನ ಕೈಯಲ್ಲೇ ಇತ್ತು. ನಾನು ಸನ್ಮಾನದ ಪಟ್ಟಿಯ ಮುಂದಿನ ಹೆಸರು ಓದಿದೆ. ತಾತ ಹಿಂದೆ ಹೋಗಿ, ರಾಷ್ಟ್ರಗೀತೆ ಮುಗಿಯುವವರೆಗೆ ನೆಟ್ಟಗೆ ನಿಂತು, ಸಿಹಿ ತೆಗೆದುಕೊಳ್ಳದೆ ಹೊರಟುಹೋದರು.

ಸಂಜೆ ಅವರ ಮನೆಗೆ ಹೋದೆ. ಬೈಯಲಿಲ್ಲ. ಚಾಪೆ ಹಾಸಿ ಕೂರಿಸಿದರು.

"ಅವನು ಅಮೆರಿಕಾದ ಕಪ್ಪು ಸಿಪಾಯಿ ಕಣಮ್ಮ. ಬುಲ್ಡೋಜರ್ ಬಿಡ್ತಿದ್ದ. ಅವರದೇ ದೇಶದ ಬಿಳಿ ಸಿಪಾಯಿಗಳ ಜೊತೆ ಕೂತು ಉಣ್ಣಂಗಿರಲಿಲ್ಲ. ಯಾಕೆ ಅಂತ ಸನ್ನೇಲಿ ಕೇಳ್ದೆ. ಕೈ ಚರ್ಮ ಉಜ್ಜಿ ತೋರಿಸ್ದ. ಅಯ್ಯೋ ದೇವುಡಾ, ನಮ್ಮೂರ ಹೋಟ್ಲಲ್ಲಿ ನನಗೂ ಬೇರೆ ಲೋಟಾನೇ ಅಲ್ವಾ! ಅವತ್ತಿಂದ ನಮ್ಮಿಬ್ಬರಿಗೂ ಒಂದೇ ಮಗ್ಗು."

ಮಳೆಗಾಲದ ಒಂದು ಬೆಳಿಗ್ಗೆ ಗುಡ್ಡ ಕುಸಿಯಿತಂತೆ. ಆ ಸಿಪಾಯಿ ತಾತನನ್ನು ಆಚೆ ನೂಕಿದ. ಬಂಡೆ ತಾತನ ಎರಡು ಬೆರಳು ಜಜ್ಜಿತು. ಅವನು ಅದರಡಿಯಲ್ಲೇ ಉಳಿದ.

"ಸಂಜೆಗೆಲ್ಲ ಅಲ್ಲೇ ಲಾರಿ ಓಡಾಡಿದ್ವು. ಯಾರೂ ಅವನ ಮಾತೆತ್ತಲಿಲ್ಲ. ನನಗೇನೂ ಬೇಡಮ್ಮ. ನಾಲ್ಕು ಜನದ ಮುಂದೆ ಅವನ ಹೆಸರು ಒಂದ್ಸಲ ಗಟ್ಟಿಯಾಗಿ ಕೇಳ್ಬೇಕಿತ್ತು, ಅಷ್ಟೆ."

"ಮುಂದಿನ ವರ್ಷ ನಾನೇ ಹೇಳ್ತೀನಿ ತಾತ" ಎಂದೆ.

ಯುಗಾದಿಗೆ ಮುಂಚೆಯೇ ತಾತ ತೀರಿಕೊಂಡರು. ಆಗಸ್ಟಿನಲ್ಲಿ, ಹಿರಿಯರು ಹುಬ್ಬು ಗಂಟಿಕ್ಕಿದರೂ ಮೈಕು ಬಿಡದೆ ತಾತನ ಹೆಸರು ಹೇಳಿದೆ, ಆ ರಸ್ತೆಯ ಕಥೆ ಹೇಳಿದೆ. ಮಕ್ಕಳು ಕಿವಿಗೊಟ್ಟು ಕೂತಿದ್ದರು. ಸಿಪಾಯಿಯ ವಿಷಯ ಬಂದಾಗ ಮಾತು ನಿಂತಿತು. ತಾತನ ಮನೆಯವರನ್ನೆಲ್ಲ ವಿಚಾರಿಸಿದ್ದೆ, ಯಾರಿಗೂ ತಿಳಿದಿರಲಿಲ್ಲ. ತಾತ ಆ ಸಂಜೆ ಮಾತಿನುದ್ದಕ್ಕೂ 'ಅವನು' ಎಂದಷ್ಟೇ ಅಂದಿದ್ದರು. ಹೆಸರೇನೆಂದು ನಾನು ಕೇಳಿರಲೇ ಇಲ್ಲ.