ಮಿಷಿನ್ ಅಕ್ಕನ ಡಿಸ್ಕ್ ಬ್ರೇಕು

ನಮ್ಮಕ್ಕ ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯ ಕಾಲನ್ನು ಎಳೆದು ಎದುರಿಗೆ ತೋರಿಸಿದರೂ "ಅದು ಬಾಲ ಕಣೇ" ಎನ್ನುವ ಪೈಕಿ. ಅವಳಿಗೀಗ ಐವತ್ತಮೂರು. ಹೊಲಿಗೆ ಮಿಷಿನ್ ರಿಪೇರಿ ಅವಳ ಕಸುಬು, ಅಪ್ಪನಿಂದ ಕಲಿತದ್ದು. ಮೂವತ್ತು ವರ್ಷಗಳಿಂದ ಸೈಕಲ್ಲಿನ ಕ್ಯಾರಿಯರಿಗೆ ಇಪ್ಪತ್ತು ಕಿಲೋ ತೂಗುವ ಕಬ್ಬಿಣದ ಪೆಟ್ಟಿಗೆ ಕಟ್ಟಿಕೊಂಡು ಮನೆಮನೆಗೆ ಹೋಗಿ ರಿಪೇರಿ ಮಾಡುತ್ತಾಳೆ. ಊರಿಗೆಲ್ಲ ಅವಳು ಮಿಷಿನ್ ಅಕ್ಕ. ನಾನು ಅವಳ ತಂಗಿ, ದರ್ಜಿ. ಇಬ್ಬರೂ ಒಂದೇ ಮನೆಯಲ್ಲಿದ್ದೇವೆ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ, ಹಿಂದಿನ ಕೋಣೆಯಲ್ಲಿ ಅವಳ ಬಿಡಿಭಾಗಗಳ ಡಬ್ಬಿಗಳು, ನಡುವೆ ನಮ್ಮಿಬ್ಬರ ಜಗಳ.

ನಮ್ಮ ಊರಿನ ಅರ್ಧ ದಿಬ್ಬದ ಮೇಲಿದೆ. ಮೇಲಿನಿಂದ ಇಳಿಯುವ ರಸ್ತೆ ನೆಟ್ಟಗೆ ಬಂದು, ನಮ್ಮ ಮನೆಯೆದುರಿನ ಬೇಕರಿಯ ಗೋಡೆಯ ಮುಂದೆ ತಟ್ಟನೆ ಎಡಕ್ಕೆ ತಿರುಗುತ್ತದೆ. ಆ ಮಳೆಗಾಲದ ಶುರುವಿನಲ್ಲಿ ಅಕ್ಕ ಅಲ್ಲಿಂದ ಇಳಿದು ಬರುವಾಗ ಒದ್ದೆ ರಿಮ್ಮಿನ ಮೇಲೆ ಬ್ರೇಕಿನ ರಬ್ಬರು ಜಾರಿತು. ಎಷ್ಟು ಒತ್ತಿದರೂ ಸೈಕಲ್ ನಿಲ್ಲಲಿಲ್ಲ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಸೈಕಲ್ಲು, ಪೆಟ್ಟಿಗೆ, ಅಕ್ಕ ಮೂವರೂ ಸೀದಾ ಹೋಗಿ ಬೇಕರಿಯ ಗೋಡೆಗೆ ಬಡಿದರು. ಅಕ್ಕನ ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಆ ಆರು ವಾರ ನಾನೇ ಅವಳಿಗೆ ತಲೆ ಬಾಚಿದೆ, ಬಾಚುವಾಗೆಲ್ಲ ಬೈದೆ.

ಪ್ಲಾಸ್ಟರ್ ಬಿಚ್ಚಿದ ದಿನವೇ ಅವಳ ಮಗ ಬಂದ. ಮದುವೆಯಾಗಿ ಬೇರೆ ಮನೆ ಮಾಡಿದ್ದಾನೆ, ವ್ಯಾನ್ ಓಡಿಸುತ್ತಾನೆ. ಬಂದವನೇ ಪೆಟ್ಟಿಗೆ ಎತ್ತಿ ವ್ಯಾನಿನೊಳಗಿಟ್ಟ.

"ಸಾಕಮ್ಮಾ. ಇನ್ನು ಮನೇಲೇ ಕೂತು ರಿಪೇರಿ ಮಾಡು. ಬೇಕಾದವರು ಮಿಷಿನ್ ತಂದುಕೊಡ್ಲಿ."

"ಕಬ್ಬಿಣದ ಮಿಷಿನ್ ಹೊತ್ಕೊಂಡು ಯಾರೋ ಬರ್ತಾರೆ? ಮೇಲಿನ ಬೀದಿ ಅಜ್ಜಿಗೆ ಎದ್ದು ನಿಲ್ಲೋಕೇ ಆಗಲ್ಲ, ಅವಳು ತರ್ತಾಳಾ?"

"ತರದಿದ್ರೆ ಬಿಡ್ಲಿ."

"ನಾನೂ ಕೂತುಬಿಟ್ರೆ ಎದ್ದ ಹಾಗೇ ಇಲ್ಲ" ಎಂದಳು ಅಕ್ಕ. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆದರೂ ನಾನು ಮಗನ ಪಕ್ಷವನ್ನೇ ವಹಿಸಿದೆ. ಗೋಡೆಗೆ ಬಡಿದ ಆ ಸದ್ದು ನನ್ನ ಕಿವಿಯಿಂದ ಹೋಗಿರಲಿಲ್ಲ.

ಕೊನೆಗೆ ಮಗ ಒಂದು ಷರತ್ತು ಹಾಕಿದ. ಬೇಕರಿಯ ಗೋಡೆಗೆ ಹತ್ತು ಮಾರು ಮೊದಲು ರಸ್ತೆಗೆ ಅಡ್ಡಲಾಗಿ ಒಂದು ಬಿಳಿ ಪಟ್ಟೆಯಿದೆ. ನೆಲ ಒದ್ದೆಯಿರುವ ದಿನ, ಕ್ಯಾರಿಯರ್ ಮೇಲೆ ಭಾರ ಹೊತ್ತು, ಮೇಲಿನಿಂದ ಇಳಿದು ಆ ಪಟ್ಟೆಯಲ್ಲಿ ಸೈಕಲ್ ನಿಲ್ಲಿಸಬೇಕು. ನಿಂತರೆ ಪೆಟ್ಟಿಗೆ ವಾಪಸ್ಸು. ನಿಲ್ಲದಿದ್ದರೆ ಸೈಕಲ್ ಗುಜರಿಗೆ. ಇದು ಆಗದ ಹೋಗದ ಮಾತು ಎಂದುಕೊಂಡೇ ಅವನು ಹೇಳಿದ್ದು. ಅಕ್ಕ "ಆಯ್ತು" ಎಂದು ಚಪ್ಪಲಿ ಮೆಟ್ಟಿ ಸೈಕಲ್ ಅಂಗಡಿಗೆ ಹೊರಟಳು. ಇವಳನ್ನು ಒಬ್ಬಳನ್ನೇ ಬಿಟ್ಟರೆ ಕೆಟ್ಟೆವು ಎಂದು ನಾನೂ ಹಿಂದೆ ಓಡಿದೆ.

ಅಂಗಡಿಯವನನ್ನು ಎಲ್ಲರೂ ನೋಡೋಣಪ್ಪ ಎನ್ನುತ್ತಾರೆ. ಏನು ಕೇಳಿದರೂ "ನೋಡೋಣ" ಎಂದು ಅಡ್ಡಗೋಡೆಯ ಮೇಲೆ ದೀಪವಿಡುವ ಆಸಾಮಿ. ಅಂದು ಮಾತ್ರ ಖಚಿತವಾಗಿಯೇ ಮಾತಾಡಿದ.

"ಮಳೇಲಿ ನಿಲ್ಲಬೇಕು ಅಂದ್ರೆ ಡಿಸ್ಕ್ ಬ್ರೇಕೇ ಆಗಬೇಕು ಮಿಷಿನ್ ಅಕ್ಕಾ. ಚಕ್ರದ ನಡುವೆ ಒಂದು ಉಕ್ಕಿನ ತಟ್ಟೆ, ಅದನ್ನ ಎರಡು ಪ್ಯಾಡ್ ಹಿಡಿಯುತ್ತೆ. ರಿಮ್ ಕೆಸರಾದ್ರೂ ಚಿಂತೆಯಿಲ್ಲ. ಆದ್ರೆ ನಿಮ್ಮ ಹಳೇ ಸೈಕಲ್ಲಿಗೆ ಅದನ್ನ ಕೂರಿಸೋ ಜಾಗವೇ ಇಲ್ಲ. ಹೊಸ ಸೈಕಲ್ಲೇ ತಗೊಳ್ಳಿ."

"ಹಾಸಿಗೆ ಇದ್ದಷ್ಟು ತಾನೇ ಕಾಲು ಚಾಚೋದು?" ಎಂದಳು ಅಕ್ಕ. "ಸೈಕಲ್ ನಿಲ್ಲಿಸೋ ಕೆಲಸದಲ್ಲಿ ಹೆಚ್ಚು ಪಾಲು ಯಾವ ಚಕ್ರದ್ದು?"

"ಮುಂದಿನದ್ದು."

"ಹಾಗಾದ್ರೆ ಮುಂದಿನದ್ದಕ್ಕೆ ಮಾತ್ರ ಹಾಕಿ. ಡಿಸ್ಕ್ ಕೂರೋ ಹಾಗೆ, ಮುಂದಿನ ಚಕ್ರ ಹಿಡಿಯೋ ಹಳೇ ಫೋರ್ಕ್ ಒಂದು ಹುಡುಕಿ. ಹಿಂದೆ ಇರೋದೇ ಇರಲಿ."

ನೋಡೋಣಪ್ಪ ತಲೆ ಕೆರೆದುಕೊಂಡ. ಆಮೇಲೆ ಮೂರು ಬಗೆಯ ಬ್ರೇಕುಗಳನ್ನು ತೋರಿಸಿದ. ಒಂದು, ಕೊಳವೆಯಲ್ಲಿ ಎಣ್ಣೆ ತುಂಬಿದ್ದು. ಎರಡು ಬೆರಳಲ್ಲಿ ಒತ್ತಿದರೂ ಕಚ್ಚುತ್ತದೆ, ಬೆಲೆ ಕೇಳಿದರೆ ನಮ್ಮನ್ನೇ ಕಚ್ಚುತ್ತದೆ. ಎರಡನೆಯದು ತಂತಿಯದು, ತೀರಾ ಅಗ್ಗ. ಅದರಲ್ಲಿ ಒಂದು ಪ್ಯಾಡ್ ಮಾತ್ರ ಚಲಿಸಿ, ತಟ್ಟೆಯನ್ನು ಬಾಗಿಸಿ ಆಚೆಯ ಪ್ಯಾಡಿಗೆ ಒತ್ತುತ್ತದೆ. ಮೂರನೆಯದೂ ತಂತಿಯದೇ, ಆದರೆ ಎರಡೂ ಕಡೆಯ ಪ್ಯಾಡುಗಳು ಒಳಕ್ಕೆ ಬರುತ್ತವೆ. ಬೆಲೆ ನಡುವಿನದು.

ಯಾವುದು ಒಳ್ಳೆಯದೆಂದು ಬಾಯಿಮಾತಿನಲ್ಲಿ ಕೇಳಿ ನಂಬುವ ಹೆಂಗಸಲ್ಲ ನಮ್ಮಕ್ಕ. ಪಕ್ಕದ ಹಳೆ ಪೇಪರಿನವನ ಬಳಿ ಹೋಗಿ ತೂಗುವ ಸ್ಪ್ರಿಂಗ್ ತಕ್ಕಡಿ ತಂದಳು. ಆ ಮೂರು ಬ್ರೇಕುಗಳಿದ್ದ ಅಂಗಡಿಯ ಮೂರು ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ, ತಕ್ಕಡಿಯ ಕೊಕ್ಕೆಯನ್ನು ಬ್ರೇಕಿನ ಹಿಡಿಗೆ ಸಿಕ್ಕಿಸಿ, ನನ್ನಿಂದ ಚಕ್ರ ತಿರುಗಿಸಿ, ಎಷ್ಟು ಕಿಲೋ ಎಳೆದರೆ ನಿಲ್ಲುತ್ತದೆಂದು ಒಂದೊಂದನ್ನೂ ಅಳೆದಳು. ಗಿರಾಕಿಗಳು ಸುತ್ತ ನಿಂತು ನಕ್ಕರು. ನನಗೆ ನಾಚಿಕೆಯಿಂದ ಭೂಮಿ ಬಾಯ್ಬಿಡಬಾರದೇ ಎನಿಸಿತು. ಅವಳಿಗೆ ಅದರ ಪರಿವೆಯೇ ಇಲ್ಲ.

ಅಗ್ಗದ್ದಕ್ಕೆ ಎಣ್ಣೆಯದರ ಎರಡರಷ್ಟು ಎಳೆಯಬೇಕಾಯಿತು. "ಮುರಿದ ಕೈಯಲ್ಲಿ ಇದು ಆಗಲ್ಲ" ಎಂದು ಪಕ್ಕಕ್ಕಿಟ್ಟಳು. ನಡುವಿನದು ನಡುವೆಯೇ ಬಂತು. ಅಕ್ಕ ಅದರ ತಂತಿಯನ್ನು ನೋಡಿದಳು, ಮೇಲಿನ ಕವಚವನ್ನು ಎರಡು ಬೆರಳುಗಳ ನಡುವೆ ಹಿಚುಕಿದಳು.

"ಈ ಕವಚ ಮೆತ್ತಗಿದೆ. ನಾನು ಎಳೆದ ಬಲ ಅರ್ಧ ಇದನ್ನ ಕುಗ್ಗಿಸೋದಕ್ಕೇ ಹೋಗ್ತಿದೆ. ಗಟ್ಟಿಯದು ಇದ್ಯಾ?"

"ಇದೆ… ನೋಡೋಣ" ಎಂದ ನೋಡೋಣಪ್ಪ. ಗಟ್ಟಿ ಕವಚ ಹಾಕಿ ಅಳೆದಾಗ ಎಣ್ಣೆಯ ಬ್ರೇಕಿಗಿಂತ ಸ್ವಲ್ಪವೇ ಹೆಚ್ಚು ಎಳೆದರೆ ಸಾಕಾಯಿತು. ನಗುತ್ತಿದ್ದವರಲ್ಲಿ ಒಬ್ಬ ತನಗೂ ಅದೇ ಬೇಕೆಂದ. ಅಕ್ಕ ಭಾರ ಹೊರುವವಳೆಂದು ದೊಡ್ಡ ತಟ್ಟೆಯನ್ನು ಆರಿಸಿದಳು, ಜೊತೆಗೆ ಪ್ಯಾಡುಗಳನ್ನು ಎರಡು ಜೊತೆ ಕೊಂಡಳು. "ಒಂದೇ ಸೂಜಿ ಇಟ್ಕೊಂಡು ಯಾವಳೂ ಹೊಲಿಯೋಕೆ ಕೂರಲ್ಲ" ಎಂದಳು.

ಶನಿವಾರ ಸೈಕಲ್ ಸಿದ್ಧವಾಗಿ ಬಂತು. ಅಕ್ಕ ಬೀದಿಯಲ್ಲಿ ಹತ್ತಾರು ಸಲ ಓಡಿಸಿ ನಿಲ್ಲಿಸಿದಳು. ನಿಲ್ಲುವುದೇನೋ ನಿಂತಿತು, ಆದರೆ ಪ್ರತಿ ಸಲವೂ "ಕಿರ್‍ರ್‍ರ್" ಎಂದು ಬೀದಿಗೆಲ್ಲ ಕೇಳುವ ಕೂಗು. ಬೇಕರಿಯವನು ಹೊರಗೆ ಬಂದು "ಯಾರನ್ನ ಕೊಲ್ತಿದ್ದೀರಿ ಮಿಷಿನ್ ಅಕ್ಕಾ?" ಎಂದ. ನನ್ನ ಹತ್ತಿರ ರವಿಕೆಯ ಅಳತೆ ಕೊಡುತ್ತಿದ್ದವಳು ಮುಸಿಮುಸಿ ನಕ್ಕಳು. ನಾಳೆ ಮಳೆ ಬಂದರೆ ಪರೀಕ್ಷೆ. ನಾನು ಎಷ್ಟು ಬೈದರೂ ಅಕ್ಕ ನಾಲ್ಕು ಜನರ ಮುಂದೆ ನಗೆಪಾಟಲಾಗುವುದನ್ನು ನನಗೆ ಸಹಿಸಲಾಗಲಿಲ್ಲ. ಬೈಯುವುದು ನನ್ನ ಹಕ್ಕು, ಊರಿನವರದ್ದಲ್ಲ.

ನಮ್ಮ ಮನೆಯಲ್ಲಿ ಒಂದು ಕಾನೂನಿದೆ. ಕಿರ್ ಎಂದದ್ದಕ್ಕೆಲ್ಲ ಎಣ್ಣೆ. ಮಿಷಿನ್ನು, ಬಾಗಿಲು, ಕತ್ತರಿ, ಮಡಚುವ ಕುರ್ಚಿ, ಯಾವುದಾದರೂ ಸರಿ. ಉದ್ದ ಮೂತಿಯ ಎಣ್ಣೆ ಡಬ್ಬಿ ನನ್ನ ಮಿಷಿನ್ನಿನ ಪಕ್ಕದಲ್ಲೇ ಇರುತ್ತದೆ. ಆ ಮಧ್ಯಾಹ್ನ ಅಕ್ಕ ಮಲಗಿದ್ದಾಗ ಸೈಕಲ್ಲಿನ ತಟ್ಟೆಗೆ ಈ ಕಡೆ ಎರಡು ಹನಿ, ಆ ಕಡೆ ಎರಡು ಹನಿ ಬಿಟ್ಟೆ. ಚಕ್ರವನ್ನು ಮೆಲ್ಲಗೆ ತಿರುಗಿಸಿ ಬ್ರೇಕ್ ಒತ್ತಿದೆ. ಚಕ್ರ ನಿಂತಿತು. ಸದ್ದೇ ಇಲ್ಲ! ಆಹಾ, ನೋಡೋಣಪ್ಪನಿಗೆ ಹೊಳೆಯದ್ದು ನನಗೆ ಹೊಳೆಯಿತು ಎಂದು ಬೀಗಿದೆ. ಬೆಳಿಗ್ಗೆ ಅಕ್ಕನೇ ಕಂಡು ಖುಷಿಪಡಲಿ ಎಂದು ಹೇಳದೆ ಸುಮ್ಮನಿದ್ದೆ.

ಭಾನುವಾರ ಬೆಳಗಾಗುವಾಗಲೇ ಮಳೆ. ಹತ್ತು ಗಂಟೆಗೆ ಮಗ ವ್ಯಾನಿನಲ್ಲಿ ಪೆಟ್ಟಿಗೆ ಇಟ್ಟುಕೊಂಡು ಬಂದ. ಅಕ್ಕನಿಗೊಂದು ಅಭ್ಯಾಸ: ಯಾವ ಮಿಷಿನ್ನನ್ನಾಗಲಿ ಕಾಲಲ್ಲಿ ತುಳಿಯುವ ಮೊದಲು ಚಕ್ರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡುತ್ತಾಳೆ. ಅಂದೂ ಸೈಕಲ್ಲನ್ನು ಅಂಗಳದಲ್ಲಿ ತಳ್ಳಿ ಮುಂದಿನ ಬ್ರೇಕ್ ಒತ್ತಿದಳು. ಸೈಕಲ್ ಏನೂ ಆಗದ ಹಾಗೆ ಮುಂದೆ ಹೋಯಿತು. ಇನ್ನೂ ಬಲವಾಗಿ ಒತ್ತಿದಳು. ಆಗಲೂ ಹೋಯಿತು.

ಅವಳು ಆ ಅಭ್ಯಾಸದವಳಾಗಿರದಿದ್ದರೆ ಮೇಲಿನಿಂದ ಹೇಗೆ ಬರುತ್ತಿದ್ದಳು, ಎಲ್ಲಿ ನಿಲ್ಲುತ್ತಿದ್ದಳು ಎಂಬುದು ನನ್ನ ಕಣ್ಣಮುಂದೆ ಬಂತು.

"ನೋಡು ಮತ್ತೆ" ಎಂದ ಮಗ. "ಅಗ್ಗದ ಮಾಲು. ಒಂದು ದಿನಾನೂ ಬಾಳಲಿಲ್ಲ. ಮುಗೀತಲ್ಲ ಅಮ್ಮಾ, ಇನ್ನು ಬಿಟ್ಟುಬಿಡು."

ಅಕ್ಕ ತಟ್ಟೆಯ ಮೇಲೆ ಬೆರಳಾಡಿಸಿ ಮೂಸಿ ನೋಡಿದಳು. ಮೂವತ್ತು ವರ್ಷ ಅದೇ ಎಣ್ಣೆಯಲ್ಲಿ ಕೈಯಾಡಿಸಿದವಳಿಗೆ ವಾಸನೆ ತಿಳಿಯದೇ ಇರುತ್ತದೆಯೇ? ಆದರೆ ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನೇ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಸುಮ್ಮನಿದ್ದರೆ ನಾನು ಬೇಡಿದ್ದೇ ಆಗುತ್ತಿತ್ತು. ಅಕ್ಕ ಮನೆಯಲ್ಲಿ ಉಳಿಯುತ್ತಿದ್ದಳು, ನನಗೆ ಕಿಟಕಿ ಕಾಯುವ ಕೆಲಸ ತಪ್ಪುತ್ತಿತ್ತು. ಒಂದು ಕ್ಷಣ ಹಾಗೆ ಯೋಚಿಸಿದೆ. ಅದಕ್ಕೆ ಈಗಲೂ ನನ್ನ ಮೇಲೆ ನನಗೇ ಸಿಟ್ಟಿದೆ.

"ಬ್ರೇಕ್ ಕೆಟ್ಟಿಲ್ಲ ಕಣೋ" ಎಂದೆ. "ಕಿರ್ ಅಂತಿತ್ತು ಅಂತ ನಾನೇ ಎಣ್ಣೆ ಬಿಟ್ಟೆ."

ಮಗ ಬಾಯಿ ತೆರೆದು ನೋಡಿದ. "ಬ್ರೇಕಿಗೆ ಎಣ್ಣೆನಾ? ಚಿಕ್ಕಮ್ಮಾ, ನಿಮಗೇನು ತಲೆ ಕೆಟ್ಟಿದ್ಯಾ?"

"ಅವಳಿಗೆ ಬೈಬೇಡ" ಎಂದಳು ಅಕ್ಕ. "ಕಿರ್ ಅಂದ್ರೆ ಎಣ್ಣೆ ಬಿಡು ಅಂತ ಹೇಳಿಕೊಟ್ಟವಳು ನಾನೇ. ಇದಕ್ಕೆ ಮಾತ್ರ ಬಿಡಬಾರದು ಅಂತ ಹೇಳಿರಲಿಲ್ಲ." ಆಮೇಲೆ ನನ್ನತ್ತ ತಿರುಗಿ, "ಅಳೋದು ಆಮೇಲೆ. ಸ್ಪಿರಿಟ್ ಬಾಟ್ಲಿ ತಾ" ಎಂದಳು.

ತಟ್ಟೆಯನ್ನು ಸ್ಪಿರಿಟ್ಟಿನಲ್ಲಿ ಮೂರು ಸಲ ಒರೆಸಿದಳು. ಎಣ್ಣೆ ಕುಡಿದ ಪ್ಯಾಡುಗಳು ಇನ್ನು ಉಪಯೋಗಕ್ಕಿಲ್ಲವೆಂದು ಬಿಸಾಡಿ, ಎರಡನೆಯ ಜೊತೆಯನ್ನು ಹಾಕಿದಳು. ಆದರೆ ಹೊಸ ಪ್ಯಾಡು ಹಾಕಿದ ಕೂಡಲೇ ಹಿಡಿಯುವುದಿಲ್ಲ, ತಟ್ಟೆಗೆ ಉಜ್ಜಿ ಉಜ್ಜಿ ಪಳಗಬೇಕು. ನಮ್ಮ ಬೀದಿಯ ಕೊನೆಗಿರುವ ಗೋದಾಮಿನ ಹಿಂದೆ ಒಂದು ಸಣ್ಣ ಇಳಿಜಾರಿದೆ. ಅಲ್ಲಿ ಜಿನುಗುವ ಮಳೆಯಲ್ಲಿ ಮೂವತ್ತು ಸಲ ಇಳಿದಳು, ಮೂವತ್ತು ಸಲ ಒತ್ತಿದಳು, ಮೂವತ್ತು ಸಲ ಸೈಕಲ್ಲನ್ನು ಮೇಲಕ್ಕೆ ತಳ್ಳಿಕೊಂಡು ಹೋದಳು. ನಾನು ಕೊಡೆ ಹಿಡಿದು ಎಣಿಸಿದೆ. ಇಪ್ಪತ್ತನೆಯದಕ್ಕೆ ಮಗ "ಕೈ ನೋಯುತ್ತಮ್ಮಾ, ಸಾಕು" ಎಂದ. ಅವಳು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಕೊನೆಯ ಐದಾರು ಸಲ ಸೈಕಲ್ ನಿಲ್ಲಿಸಲು ಅವಳಿಗೆ ಎರಡೇ ಬೆರಳು ಸಾಕಾಯಿತು, ಮತ್ತೆ ಅದೇ ಕಿರ್‍ರ್‍ರ್ ಎಂಬ ಕೂಗು ಬಂತು.

ದಿಬ್ಬದ ಮೇಲೆ ಹೋದಾಗ ಮಗ ವ್ಯಾನಿನಿಂದ ಪೆಟ್ಟಿಗೆ ಇಳಿಸಲು ಕೈ ಹಾಕಿದ. ನನಗೆ ಆಗ ಏನಾಯಿತೋ.

"ಪೆಟ್ಟಿಗೆ ಬೇಡ, ನಾನೇ ಕೂತ್ಕೋತೀನಿ" ಎಂದೆ.

"ಚಿಕ್ಕಮ್ಮಾ!"

"ಭಾರ ಇರಬೇಕು ಅಂತ ತಾನೇ ನೀನಂದಿದ್ದು? ಕೆಡಿಸಿದವಳು ನಾನು. ನಿಲ್ಲದಿದ್ರೆ ಮೊದಲು ನನಗೇ ಬಡೀಲಿ."

ಅಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಪೆಟ್ಟಿಗೆಯ ಮೂರರಷ್ಟಿದ್ದೀಯ. ಬ್ರೇಕ್ ಹಿಡಿದ್ರೂ ಕ್ಯಾರಿಯರ್ ತಡ್ಕೋಬೇಕಲ್ಲೇ."

"ಮುಚ್ಚು ಬಾಯಿ. ಓಡಿಸು."

ಮಗ ತಡೆಯಲು ಬಂದ. ಅಕ್ಕ "ನೀನು ಪಟ್ಟೆ ಹತ್ರ ನಿಂತ್ಕೋ" ಎಂದಳು. ಅವನು ಗೊಣಗುತ್ತ ಕೆಳಗೆ ಹೋದ. ನಾನು ಕ್ಯಾರಿಯರ್ ಮೇಲೆ ಕೂತು ಅವಳ ಸೊಂಟವನ್ನು ಎರಡೂ ಕೈಯಲ್ಲಿ ಅವುಚಿದೆ. ಚಿಕ್ಕಂದಿನಲ್ಲಿ ಶಾಲೆಗೆ ಹೋಗುವಾಗ ಹೀಗೆಯೇ ಕೂರುತ್ತಿದ್ದೆ. ನಲವತ್ತು ವರ್ಷವಾಯಿತು ಆ ಸೊಂಟ ಹಿಡಿದು.

ಸೈಕಲ್ ಇಳಿಯತೊಡಗಿತು. ಗಾಳಿ, ಮುಖಕ್ಕೆ ಹನಿ. ಅಂಗಡಿಗಳು ಪಕ್ಕದಲ್ಲಿ ಸರಸರ ಸರಿದವು. ಬೇಕರಿಯ ಗೋಡೆ ಕಂಡಿತು. ನಾನು ಅಕ್ಕನ ಬೆನ್ನಿಗೆ ಮುಖ ಒತ್ತಿ ಕಣ್ಣು ಮುಚ್ಚಿಕೊಂಡೆ. ಅವಳ ಬಲ ಭುಜ ಬಿಗಿಯಾದದ್ದು ಕೆನ್ನೆಗೆ ತಿಳಿಯಿತು. ಆಮೇಲೆ ಕೂಗು ಬಂತು, ಕಿವಿ ತೂತಾಗುವಷ್ಟು ಜೋರಾಗಿ. ನನ್ನ ಮೈ ಮುಂದಕ್ಕೆ ವಾಲಿತು. ಕೂಗು ನಿಂತಿತು.

"ಇಳಿಯೇ" ಎಂದಳು ಅಕ್ಕ. "ನಿಂತು ಆಗಲೇ ಎಷ್ಟೊತ್ತಾಯ್ತು."

ಕಣ್ಣು ತೆರೆದೆ. ಮುಂದಿನ ಚಕ್ರ ಬಿಳಿ ಪಟ್ಟೆಯ ಮೇಲೆಯೇ ಇತ್ತು. ಪಕ್ಕದಲ್ಲಿ ಮಗ ಎರಡೂ ಕೈ ಚಾಚಿಕೊಂಡು, ಹಿಡಿಯಲು ಬಂದವನ ಹಾಗೆ ನಿಂತಿದ್ದ. ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದ. ದಿಬ್ಬ ಹತ್ತಿ ಹೋಗಿ, ವ್ಯಾನ್ ತಂದು, ಪೆಟ್ಟಿಗೆಯನ್ನು ಇಳಿಸಿ ಕ್ಯಾರಿಯರ್ ಮೇಲಿಟ್ಟು, ರಬ್ಬರ್ ಪಟ್ಟಿಯಿಂದ ಬಿಗಿಯಾಗಿ ಕಟ್ಟಿದ. ಎರಡು ಸಲ ಅಲ್ಲಾಡಿಸಿ ನೋಡಿದ.

"ಮೇಲಿನ ಬೀದಿ ಅಜ್ಜಿ ಮಿಷಿನ್ ಎರಡು ತಿಂಗಳಿಂದ ನಿಂತಿದೆ" ಎಂದಳು ಅಕ್ಕ, ಅವನ ಕೆನ್ನೆ ತಟ್ಟಿ. ಮಧ್ಯಾಹ್ನ ಊಟವಾದದ್ದೇ ಹೊರಟಳು.

ಈಗ ಅವಳು ದಿನಾ ಹೋಗುತ್ತಾಳೆ. ಒದ್ದೆಯ ದಿನ ಬ್ರೇಕು ಇನ್ನೂ ಕಿರುಗುಟ್ಟುತ್ತದೆ, ಬೇಕರಿಯವನು ಇನ್ನೂ ಹಾಸ್ಯ ಮಾಡುತ್ತಾನೆ. ಸಂಜೆ ಮಳೆ ಹಿಡಿದರೆ ನಾನು ಹೊಲಿಗೆ ನಿಲ್ಲಿಸಿ ಕಿವಿಗೊಟ್ಟು ಕೂರುತ್ತೇನೆ. ಮೇಲಿನಿಂದ ಆ ಕರ್ಕಶ ಕೂಗು ಕೇಳಿಬಂದು, ತಟ್ಟನೆ ನಿಂತ ಮೇಲೆ, ಎದ್ದು ಹೋಗಿ ಚಹಾಕ್ಕೆ ನೀರಿಡುತ್ತೇನೆ.