ಗಿಳಿಯ ತುಟಿ, ದೊರೆಯ ಮಾತು

ಅವಳಿಗೆ ಹೆತ್ತವರು ಇಟ್ಟ ಹೆಸರು ಶಾಲೆಯ ಹಾಜರಿ ಕೂಗುವಾಗ ಬಿಟ್ಟರೆ ಬೇರೆಲ್ಲೂ ಬಳಕೆಗೆ ಬರಲಿಲ್ಲ. ನಾಟಕ ಕಂಪನಿಯವರಿಗೆ, ಸಿನಿಮಾದವರಿಗೆ, ಬೀದಿಯ ಜನಕ್ಕೆ ಅವಳು ಗಿಳಿ. ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸುತ್ತಿದ್ದಳಲ್ಲ, ಅದಕ್ಕೆ.

ಅವಳಮ್ಮ ಕಂಪನಿಯ ದರ್ಜಿ. ರಾಜನ ನಿಲುವಂಗಿಯಿಂದ ಹಿಡಿದು ಕಳ್ಳನ ಹರಕು ಚಡ್ಡಿಯವರೆಗೆ ಎಲ್ಲವೂ ಅಮ್ಮನ ಕೈಯಿಂದಲೇ ಆಗಬೇಕು. ಹೊಲಿಗೆ ಮಿಷನ್ನು ಇದ್ದದ್ದು ರಂಗದ ಪಕ್ಕದ ಇಕ್ಕಟ್ಟು ಕೋಣೆಯಲ್ಲಿ, ನಡುವೆ ಬರೀ ಹಲಗೆಯ ಗೋಡೆ. ಮಿಷನ್ನಿನ ಕೆಳಗೆ ಬಟ್ಟೆ ಚೂರುಗಳ ರಾಶಿಯ ಮೇಲೆ ಬೆಳೆದ ಮಗುವಿನ ಕಿವಿಗೆ ಬಿದ್ದದ್ದೆಲ್ಲ ನಾಟಕದ ಮಾತೇ. ಬೇರೆ ಮಕ್ಕಳು ಹಸಿವಾದರೆ ಅಳುತ್ತವೆ. ಇವಳು ಸೊಂಟದ ಮೇಲೆ ಕೈಯಿಟ್ಟು, "ತಾಯೇ, ಈ ಉದರದ ಬೆಂಕಿಯನ್ನು ಆರಿಸುವವರು ಯಾರು?" ಎಂದು ಗುಡುಗುತ್ತಿದ್ದಳು.

"ಮೊದ್ಲು ಕೈಕಾಲು ತೊಳ್ಕೊಂಡು ಬಾ, ಆಮೇಲೆ ಆರಿಸೋಣ" ಎನ್ನುತ್ತಿದ್ದಳು ಅಮ್ಮ, ಹಲ್ಲಲ್ಲಿ ಕಚ್ಚಿದ ಸೂಜಿ ತೆಗೆಯದೆ.

ಪರದೆಯ ಮರೆಯಲ್ಲಿ ನಿಂತು, ಮಾತು ಮರೆತವರಿಗೆ ಪಿಸುಗುಟ್ಟಿ ನೆನಪಿಸುವ ಪ್ರಾಂಪ್ಟರ್ ತಾತನ ಕಣ್ಣು ಮಂಜಾದಾಗ ಆ ಕೆಲಸ ಗಿಳಿಯ ಪಾಲಿಗೆ ಬಂತು. ತಾತನಿಗೆ ಪುಸ್ತಕ ಬೇಕಿತ್ತು, ಇವಳಿಗೆ ಅದರ ಹಂಗಿರಲಿಲ್ಲ. ಎಲ್ಲರ ಮಾತನ್ನೂ ಅರೆದು ಕುಡಿದಿದ್ದಳು. ರಂಗದ ಮೇಲೆ ಯಾರೇ ಬಾಯಿ ತೆರೆಯಲಿ, ಪರದೆಯ ಹಿಂದೆ ಇವಳ ತುಟಿ ಸದ್ದಿಲ್ಲದೆ ಅವರ ಜೊತೆಜೊತೆಗೇ ಓಡುತ್ತಿತ್ತು. ಹಾಗೆ ಓಡಿ ಓಡಿ ಅದಕ್ಕೆ ನಿಲ್ಲುವುದೇ ಮರೆತುಹೋಯಿತು.

ಒಂದು ಸಂಜೆ ನಾಯಕಿಗೆ ಹಲ್ಲುನೋವು ಬಂದು ಕೆನ್ನೆ ಬನ್ನಿನ ಹಾಗೆ ಊದಿಕೊಂಡಿತು. ಜನ ಆಗಲೇ ಬಂದು ಕೂತಿದ್ದಾರೆ. ಕಂಪನಿಯ ಯಜಮಾನರು ಅತ್ತ ಇತ್ತ ನೋಡಿ ಗಿಳಿಯ ತೋಳು ಹಿಡಿದು ಎಳೆದರು. ಅಮ್ಮ ನಾಯಕಿಯ ರವಿಕೆಯನ್ನು ಇವಳ ಮೈಮೇಲೇ ಹಿಡಿದು ಹೊಲಿದು ಬಿಗಿ ಮಾಡಿದಳು. ನಾಯಕಿಯ ಚಪ್ಪಲಿ ಮಾತ್ರ ದೊಡ್ಡದಾಯಿತು. ಅದನ್ನು ಒದ್ದು ಬರಿಗಾಲಲ್ಲೇ ಹಲಗೆ ಹತ್ತಿದವಳು ಆಮೇಲೆ ಯಾವತ್ತೂ ರಂಗದ ಮೇಲೆ ಚಪ್ಪಲಿ ಮೆಟ್ಟಲಿಲ್ಲ. ನಾಯಕಿಯ ಕೆನ್ನೆಯೇನೋ ಇಳಿಯಿತು, ಹೋದ ಜಾಗ ಮಾತ್ರ ತಿರುಗಿ ಸಿಗಲಿಲ್ಲ.

ಕಂಪನಿಯ ನಾಯಕನಿಗೆ ಎಲ್ಲರೂ ದೊರೆ ಅನ್ನುತ್ತಿದ್ದರು. ಬರೀ ರಾಜನ ಪಾತ್ರ ಮಾಡಿ ಮಾಡಿ ಬಂದ ಹೆಸರು. ಗಂಟಲು ಗಂಟೆ, ಎದೆ ಕೋಟೆ ಬಾಗಿಲು, ನೆನಪು ಜರಡಿ. ಮಾತು ಮರೆತು ನಿಲ್ಲುವುದು ಹೆಚ್ಚಾಗಿ, ಅವನನ್ನು ಟಿಕೆಟ್ ಹರಿಯುವ ಬಾಗಿಲಿಗೆ ನಿಲ್ಲಿಸುವ ಮಾತೂ ಎದ್ದಿತ್ತು. ಗಿಳಿ ಎದುರಿಗೆ ನಿಂತದ್ದೇ ತಡ, ಅವನ ಮಾತು ತೊಟ್ಟಿಯ ನಲ್ಲಿ ಬಿಚ್ಚಿದ ಹಾಗೆ ಬರತೊಡಗಿತು. ಅವಳ ಮುಖದಿಂದ ಕಣ್ಣು ಕೀಳದೆ ಆಡುತ್ತಿದ್ದ. ಜನ ಹುಚ್ಚೆದ್ದು ಚಪ್ಪಾಳೆ ಹೊಡೆದರು. ಎಂಥ ಪ್ರೇಮ, ಎಂಥ ನೋಟ!

ಪರದೆಯ ಒಳಗೆ ಅಣ್ಣ, ಹೊರಗೆ ಪ್ರಾಣನಾಥ, ಇಷ್ಟೇ ಗಿಳಿಯ ಲೆಕ್ಕ. ದೊರೆಯ ಹೆಂಡತಿ, ಇವಳ ಬಾಯಲ್ಲಿ ಅತ್ತಿಗೆ, ಮಾತ್ರ ಮುಂದಿನ ಸಾಲಿನಲ್ಲಿ ಕೂತು ಮೂಗು ಮುರಿಯುತ್ತಿದ್ದಳು. "ನನ್ನ ಮುಖಾನ ಒಂದಿನ ಹಾಗೆ ನೋಡ್ಲಿಲ್ಲ ಕಣೇ. ಮದುವೆ ಮನೇಲೂ ಊಟದ ಕಡೆಗೇ ನೋಡ್ತಿದ್ರು."

ಹೀಗಿರುವಾಗ ನಾಟಕ ನೋಡಲು ಬಂದ ಸಿನಿಮಾ ನಿರ್ದೇಶಕನೊಬ್ಬ ಗಿಳಿಯನ್ನು ಮಗಳ ಪಾತ್ರಕ್ಕೆ ಕರೆದ. ಹಗಲು ಸಿನಿಮಾ, ಸಂಜೆ ನಾಟಕ ಎಂದು ಒಪ್ಪಂದವಾಯಿತು. ಮೊದಲ ದಿನವೇ ಪಕ್ಕದ ಮನೆಯವಳು ಬಯ್ಯುವ, ಗಿಳಿ ಸುಮ್ಮನೆ ಕೇಳಿಸಿಕೊಳ್ಳುವ ಶಾಟು. ಕ್ಯಾಮೆರಾ ಅವಳ ಮುಖಕ್ಕೆ ಮೂಗು ತಾಗಿಸುವಷ್ಟು ಹತ್ತಿರ.

"ಕಟ್! ಅಮ್ಮಾ, ಬಯ್ಯೋದು ಅವರು. ನೀವ್ಯಾಕೆ ಅದನ್ನ ಅಗೀತಿದ್ದೀರಿ?"

"ನಾನೇನು ಅಗೀಲಿಲ್ಲವಲ್ಲ ಸಾರ್!"

ಹಿಡಿದ ಶಾಟನ್ನು ತೋರಿಸಿದರು. ನೋಡಿದಳು. ಹೌದು, ತುಟಿ ಅದರ ಪಾಡಿಗೆ ಅದು ಬಯ್ಯುತ್ತಿದೆ, ತನ್ನನ್ನೇ! ದೂರ ಕೂತ ನಾಟಕದ ಜನಕ್ಕೆ ಕಾಣದ್ದು ಇಲ್ಲಿ ಗೋಡೆಯಗಲ ಕಾಣುತ್ತಿತ್ತು. ಲವಂಗ ಕಚ್ಚಿದಳು, ಲವಂಗವೂ ತಾಳ ಹಾಕಿತು. ತುಟಿಯನ್ನೇ ಕಚ್ಚಿದಳು, ಹೊಟ್ಟೆನೋವಿನ ಮುಖವಾಯಿತು.

"ನಾಳೇನೂ ಹೀಗೇ ಆದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ" ಎಂದ ನಿರ್ದೇಶಕ, ಬೇಸರದಿಂದಲೇ.

ಸಂಜೆ, ಅಭ್ಯಾಸವಾಗಲಿ ಎಂದು, ಹಲ್ಲು ಕಚ್ಚಿ ಬಾಯಿ ಬಿಗಿಹಿಡಿದೇ ರಂಗ ಹತ್ತಿದಳು. ದೊರೆ "ಪ್ರಿಯೇ!" ಎಂದ. ಮುಂದಕ್ಕೆ ಇಲ್ಲ. "ಪ್ರಿಯೇ..." ಎಂದ ಮತ್ತೆ. ಅವಳ ಮುಚ್ಚಿದ ಬಾಯನ್ನು ಮುಚ್ಚಿದ ಅಂಗಡಿಯ ಬಾಗಿಲನ್ನು ನೋಡುವ ಹಾಗೆ ನೋಡಿದ. ಹಿಂದಿನ ಸಾಲಿನಿಂದ ಯಾರೋ, "ಪ್ರಿಯೆ ಅಂತ ಗೊತ್ತಾಯ್ತು ಸ್ವಾಮಿ, ಮುಂದೆ ಹೇಳಿ!" ಎಂದು ಕೂಗಿದರು.

ಆಟ ಹೇಗೋ ಮುಗಿಯಿತು. ಬಣ್ಣದ ಕೋಣೆಯಲ್ಲಿ ದೊರೆ ಕಿರೀಟ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ನೀನು ಬಾಯಿ ಮುಚ್ಚಿದ್ರೆ ನನ್ನ ಕಥೆ ಮುಗೀತು ತಂಗಿ. ಇಷ್ಟು ವರ್ಷ ನಾನು ನೋಡಿದ್ದು ನಿನ್ನ ಮುಖ ಅಲ್ಲ, ತುಟಿ. ನೀನು ಹೇಳ್ತಿದ್ದೆ, ನಾನು ಓದ್ತಿದ್ದೆ. ನಿಮ್ಮತ್ತಿಗೆಗೆ ಹೇಳ್ಬೇಡ ಮತ್ತೆ. ಪ್ರೇಮ ಅಂದ್ಕೊಂಡಿದಾಳೆ, ಹಾಗೇ ಇರ್ಲಿ. ಅದಾದ್ರೂ ಮರ್ಯಾದೆ."

ಗಿಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಾಯಿ ಬಿಟ್ಟರೆ ಸಿನಿಮಾ ಹೋಯಿತು, ಮುಚ್ಚಿದರೆ ಅಣ್ಣ ಟಿಕೆಟ್ ಬಾಗಿಲಿಗೆ ಹೋದ. ಹಗಲು ಮುಚ್ಚಿ ಸಂಜೆ ಬಿಡೋಣವೆಂದರೆ ತುಟಿ ಅವಳ ಮಾತು ಕೇಳಬೇಕಲ್ಲ. ಮನೆಗೆ ಬಂದು ಅಮ್ಮನ ಮುಂದೆ ತೋಡಿಕೊಂಡಳು. ಅಮ್ಮ ಕಾಜ ಹಾಕುತ್ತಲೇ ಎಲ್ಲ ಕೇಳಿ, "ಸಿನಿಮಾದಲ್ಲಿ ಕಾಲಿಗೆ ಏನು ಹಾಕ್ಕೊಂಡಿದ್ದೆ?" ಎಂದಳು.

"ಏನೂ ಇಲ್ಲ. ಕಾಲು ಎಲ್ಲಿ ಕಾಣುತ್ತೆ ಅದರಲ್ಲಿ?"

"ಅದೇ ಮತ್ತೆ. ಬರಿಗಾಲು ನೆಲ ತಾಗಿದ ಕೂಡ್ಲೆ ನಿನ್ನ ಬಾಯಿ ನಾಟಕ ಶುರುವಾಯ್ತು ಅಂದ್ಕೊಳ್ಳುತ್ತೆ. ಅದಕ್ಕೆ ಏನು ಗೊತ್ತು ಪಾಪ! ನಿನ್ನ ಹಳೇ ಚಪ್ಪಲಿ ತಾ ಇಲ್ಲಿ."

ಚಪ್ಪಲಿಯ ಪಟ್ಟಿ ಬಿಚ್ಚಿ, ಒಂದು ಬೆರಳಷ್ಟು ಒಳಗೆ ಸರಿಸಿ, ದಪ್ಪ ದಾರದಲ್ಲಿ ಹೊಲಿದು ಕೊಟ್ಟಳು. ಮೆಟ್ಟಿದರೆ ಕಾಲನ್ನು ಚೇಳಿನ ಹಾಗೆ ಹಿಡಿಯುತ್ತಿತ್ತು. "ಇದು ಕಚ್ಚುವಷ್ಟು ಹೊತ್ತು ಬಾಯಿಗೆ ಬೀಗ. ಕಳಚಿದ ಮೇಲೆ ಏನಾದ್ರೂ ಒದರ್ಕೋ."

ಮಾರನೆಯ ದಿನ ಪಕ್ಕದ ಮನೆಯವಳು ಮನಸಾರೆ ಬಯ್ದಳು. ಗಿಳಿಯ ಜೀವವೆಲ್ಲ ಹೆಬ್ಬೆರಳಿನಲ್ಲಿತ್ತು. ತುಟಿ ಅಲುಗಲಿಲ್ಲ, ಕಣ್ಣಲ್ಲಿ ಮಾತ್ರ ನೋವು ತುಂಬಿತು. "ಅದ್ಭುತ!" ಎಂದ ನಿರ್ದೇಶಕ. ಸಂಜೆ ಬರಿಗಾಲಲ್ಲಿ ರಂಗ ಹತ್ತಿದಳು, ತುಟಿ ಹಾರಿತು, ದೊರೆಯ ಮಾತು ಹೊಳೆಯಾಯಿತು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆ ಹೊಳೆಯನ್ನು ಮತ್ತೊಮ್ಮೆ ಕೇಳಿದ ನಿರ್ದೇಶಕ, ದೊರೆಯನ್ನೂ ಸಿನಿಮಾಕ್ಕೆ ಕರೆದುಬಿಟ್ಟ. ಮಗಳನ್ನು ಬೀಳ್ಕೊಡುವ ತಂದೆಯ ಪಾತ್ರ, ಒಂದೇ ಉಸಿರಿನಲ್ಲಿ ಹೇಳಬೇಕಾದ ಮಾರುದ್ದ ಮಾತು. ಒಮ್ಮೆ ಓದಿ ಹೇಳಿದ್ದೇ ತಡ, ಗಿಳಿಗೆ ಅದೂ ಬಾಯಿಪಾಠವಾಯಿತು. ಸಂಜೆಗೆ ಗಂಡನಾಗುವ ಅಣ್ಣ ಹಗಲಿಗೆ ಅಪ್ಪನಾದ. ಯಜಮಾನರೂ ನೋಡಲು ಬಂದು ಕುರ್ಚಿ ಎಳೆದು ಕೂತರು. ಇಲ್ಲಿ ತಡವರಿಸಿದರೆ ಟಿಕೆಟ್ ಬಾಗಿಲು ಗ್ಯಾರಂಟಿ.

ಕ್ಯಾಮೆರಾ ದೊರೆಯ ಕಡೆ ತಿರುಗಿತು. "ಅಮ್ಮಾ, ಈ ಶಾಟ್‌ನಲ್ಲಿ ನಿಮ್ಮ ಬೆನ್ನು ಮಾತ್ರ. ಬೇಕಿದ್ರೆ ನೀವು ಕೂತ್ಕೊಳ್ಳಿ, ಬೇರೆ ಯಾರನ್ನಾದ್ರೂ ನಿಲ್ಲಿಸ್ತೀವಿ."

ದೊರೆಯ ಮುಖ ಸುಣ್ಣವಾಯಿತು.

"ಬೇಡ ಸಾರ್, ನನ್ನ ಬೆನ್ನಿಗೆ ನಾನೇ ನಿಲ್ತೀನಿ" ಎಂದಳು ಗಿಳಿ. ನಿಂತು, ಮೆಲ್ಲಗೆ ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಚಪ್ಪಲಿಯಿಂದ ಹೊರಗೆ ತೆಗೆದಳು. ನೆಲ ತಾಗಿದ ಕೂಡಲೇ ತುಟಿ ಎಚ್ಚರವಾಯಿತು. ದೊರೆ ಓದಿದ, ಓದುತ್ತಲೇ ಅತ್ತ, ಅಳುತ್ತಲೇ ಮುಗಿಸಿದ. ಒಂದೇ ಟೇಕು. ಯಜಮಾನರು ಮೂಗು ಒರೆಸಿಕೊಂಡು, "ನಮ್ಮ ದೊರೆ ಅಂದ್ರೆ ಸುಮ್ನೇನಾ!" ಎಂದರು.

ಈಗ ಕ್ಯಾಮೆರಾ ಗಿಳಿಯ ಕಡೆ. ಗಿಳಿ ಮತ್ತೆ ಚಪ್ಪಲಿ ಮೆಟ್ಟಿದಳು. ದೊರೆ ಕ್ಯಾಮೆರಾದ ಪಕ್ಕ ನಿಂತು ಅದೇ ಮಾತು ಹೇಳಬೇಕು. ಈ ಸಲ ಅವನ ದನಿ ರೆಕಾರ್ಡ್ ಮಾಡುವುದಿಲ್ಲ, ಅವಳ ಮುಖ ಮಾತ್ರ ಬೇಕು. ದೊರೆ ಮುಚ್ಚಿದ ತುಟಿ ನೋಡಿದ. ಬಾಯಿಗೆ ಬಂದದ್ದನ್ನು ಹೇಳತೊಡಗಿದ: "ಮಗಳೇ... ಮನೇಲಿ ಉಪ್ಪು ಮುಗಿದಿದೆ ಮಗಳೇ... ಬರ್ತಾ ಸಾಬೂನನ್ನೂ ತರಬೇಕು ಅಂತ ನಿಮ್ಮತ್ತಿಗೆ ಹೇಳಿದಾಳೆ ಮಗಳೇ..." ದನಿ ಮಾತ್ರ ಕಲ್ಲೂ ಕರಗುವಂತಿತ್ತು.

ಗಿಳಿಯ ಹೊಟ್ಟೆಯೊಳಗೆ ನಗು ಉಕ್ಕಿತು. ಕೆಳಗೆ ಚಪ್ಪಲಿ ಕಚ್ಚಿ ಹಿಡಿದಿತ್ತು. ನಡುವೆ ಸಿಕ್ಕಿದ ಮುಖ ನಡುಗಿತು, ಗಲ್ಲ ಅದುರಿತು, ಕಣ್ಣೀರು ದಳದಳ ಇಳಿಯಿತು. ತುಟಿ ಮಾತ್ರ ಬಿಚ್ಚಲಿಲ್ಲ.

ಆ ಅಳುವಿನಿಂದಲೇ ಅವಳ ಹೆಸರು ಮನೆಮಾತಾಯಿತು. ನೋಡಿದ ತಾಯಂದಿರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅತ್ತಿಗೆ ಒಬ್ಬಳು ಮಾತ್ರ ಚಿತ್ರಮಂದಿರದ ಮೆಟ್ಟಿಲಿಳಿಯುತ್ತ ಅಂದಳು, "ನಿನ್ನ ನೋಡ್ತಾ ಎಷ್ಟು ಚೆನ್ನಾಗಿ ಮಾತಾಡ್ತಾರೆ! ಅವತ್ತು ಶೂಟಿಂಗ್ ಮುಗಿಸಿ ಮನೆಗೆ ಬಂದಾಗ ಮಾತ್ರ ಉಪ್ಪೂ ಇಲ್ಲ, ಸಾಬೂನೂ ಇಲ್ಲ."

ಗಿಳಿ ಆಮೇಲೆ ಮಗಳಾದಳು, ಸೊಸೆಯಾದಳು, ಅತ್ತೆಯಾದಳು, ಅಜ್ಜಿಯಾದಳು. ದೊರೆ ಕೊನೆಯವರೆಗೂ ರಾಜನ ಪಾತ್ರವನ್ನೇ ಮಾಡಿದ, ಟಿಕೆಟ್ ಬಾಗಿಲಿಗೆ ಹೋಗಲೇ ಇಲ್ಲ. ನಿರ್ದೇಶಕ, ಅವತ್ತು ಗಿಳಿ ನೆಲದ ಮೇಲೆ ಕಳಚಿ ಬಿಟ್ಟಿದ್ದ ಜೋಡಿ ಚಪ್ಪಲಿಯನ್ನು ಕಂಡಿದ್ದನೋ ಇಲ್ಲವೋ, ಬಾಯಿಬಿಟ್ಟು ಕೇಳಲಿಲ್ಲ. ಆದರೆ ಅವಳ ಶಾಟು ಬಂದಾಗಲೆಲ್ಲ ಲೈಟು ನೋಡಿ, ಕ್ಯಾಮೆರಾ ನೋಡಿ, ಕೊನೆಗೆ ಒಂದು ಮಾತು ಕೂಗುತ್ತಿದ್ದ:

"ಅಮ್ಮಾ, ಚಪ್ಪಲಿ!"