ಟರ್ಕಿಪೆನ್ ಕಣಿವೆಯ ಅನುಕೂಲಸ್ಥರು

ಟರ್ಕಿಪೆನ್ ಕಣಿವೆಯಲ್ಲಿ ವಿಲ್ಡಾ ಸ್ಲೋನ್ ಬಂದರೆ ಯಾರ ಮನೆಯ ನಾಯಿಯೂ ಬೊಗಳುತ್ತಿರಲಿಲ್ಲ. ಬೈಸಿಕೊಳ್ಳುವುದು ಅವಕ್ಕೂ ಬೇಡವಾಗಿತ್ತು. ಹಗಲೆಲ್ಲ ಶಾಲೆಯ ಅಡುಗೆಮನೆಯಲ್ಲಿ ಬೀನ್ಸ್ ಬೇಯಿಸುವುದು, ಸಂಜೆ ರಸ್ತೆ ಬದಿಯ ಒರತೆಯಲ್ಲಿ ಪ್ಲಾಸ್ಟಿಕ್ ಕ್ಯಾನುಗಳಿಗೆ ನೀರು ತುಂಬಿಸಿಕೊಂಡು ಮನೆಗೆ ಹೊರುವುದು, ಇದು ಅವಳ ಬದುಕು. ಅಮೆರಿಕದ ಕೆಂಟಕಿಯ ಆ ಭಾಗದ ಕಲ್ಲಿದ್ದಲು ಗಣಿ ಮುಚ್ಚುವಾಗ ಗಂಡಸರ ಕೆಲಸ ತೆಗೆದುಕೊಂಡು ಹೋಗಿತ್ತು, ಹೋಗುವ ಮೊದಲೇ ಬಾವಿಗಳನ್ನೂ ಕೆಡಿಸಿತ್ತು. ನಲ್ಲಿ ತಿರುಗಿಸಿದರೆ ಕೆಂಪು ನೀರು. ವಿಲ್ಡಾಳ ಬಲಭುಜ ಕೈಕೊಟ್ಟಿತ್ತು. ಗಂಡ ಕ್ಲೆಲ್‌ನ ಎದೆಯ ತುಂಬ ಗಣಿಯ ದೂಳು. ಗೇಟಿನವರೆಗೆ ನಡೆದರೆ ಏದುಸಿರು. ಇನ್ನೊಂದು ಚಳಿಗಾಲ ನೀರು ಹೊರಲು ತನ್ನಿಂದಾಗದು ಎಂದು ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಸರ್ಕಾರ ನೀರಿನ ಕೊಳವೆ ಹಾಕಿಸುವ ಮಾತೆತ್ತಿತು. ಕಣಿವೆಯ ಜನ ಬಡವರೆಂದು ಗೊತ್ತಾದರೆ ಬಹುಪಾಲು ಖರ್ಚು ಸಹಾಯಧನ. ಅಲ್ಲವಾದರೆ ಪೂರ್ತಿ ಸಾಲ, ತೀರುವ ತನಕ ನೀರಿನ ಬಿಲ್ಲಿನಲ್ಲೇ ವಸೂಲಿ. ಪ್ರತಿ ಮನೆಯವರೂ ತಮ್ಮ ಆದಾಯ ಬರೆದು ಲಕೋಟೆ ಅಂಟಿಸಿ ಕೊಡಬೇಕಿತ್ತು. ವಿಲ್ಡಾ ಮನೆಮನೆ ತಿರುಗಿ ಲಕೋಟೆ ಸಂಗ್ರಹಿಸಿದಳು. ತಮ್ಮ ಮನೆಯದನ್ನು ತುಂಬುವ ಕೆಲಸ ಕ್ಲೆಲ್‌ಗೆ ಬಿಟ್ಟಳು. ಅವನಿಗೂ ಏನಾದರೂ ಕೆಲಸ ಬೇಕಲ್ಲ.

ತಿಂಗಳಾದ ಮೇಲೆ ಸರ್ಕಾರಿ ಕಚೇರಿಯಿಂದ ಮಿಸ್ ರೆನ್ಫ್ರೋ ಎಂಬ ಹುಡುಗಿ ಬಂದು ವಿಲ್ಡಾಳನ್ನು ಚರ್ಚಿನಲ್ಲಿ ಕಂಡಳು.

"ಸಹಾಯಧನ ಸಿಗಲ್ಲ ಮೇಡಂ, ಸಾಲ ಮಾತ್ರ. ಲೆಕ್ಕದ ಪ್ರಕಾರ ನೀವೆಲ್ಲ ಅನುಕೂಲಸ್ಥರು."

ವಿಲ್ಡಾ ಚರ್ಚಿನ ಸೋರುವ ಮಾಡನ್ನೂ ಅದರ ಕೆಳಗಿನ ಬಕೆಟ್ಟನ್ನೂ ನೋಡಿದಳು. "ಯಾರಮ್ಮ ಅನುಕೂಲಸ್ಥರು? ಸ್ವಲ್ಪ ತೋರ್ಸು, ಕೈಸಾಲ ಕೇಳ್ತೀನಿ."

"ಹೆಸರು ಹೇಳೋ ಹಾಗಿಲ್ಲ. ಒಂದು ಮನೆಯವರಂತೂ ನನ್ನ ಸಂಬಳದ ಎರಡರಷ್ಟು ಬರೆದಿದಾರೆ. ತಪ್ಪಾಯ್ತು ಅಂತ ಬರೆದವರೇ ಸಹಿ ಹಾಕಿಕೊಟ್ರೆ ಸಹಾಯಧನ ಇನ್ನೊಂದ್ಸಲ ಕೇಳಬಹುದು. ಭಾನುವಾರ ಇಲ್ಲಿಗೇ ಬರ್ತೀನಿ, ಎಲ್ಲರಿಗೂ ಹೇಳಿ."

ವಾರವಿಡೀ ವಿಲ್ಡಾ ಬೈದಳು. ಒಲೆಯ ಮುಂದೆ ಬೈದಳು, ಭುಜಕ್ಕೆ ಮುಲಾಮು ತಿಕ್ಕಿಕೊಳ್ಳುತ್ತ ಬೈದಳು. "ಯಾವ ಮುಠ್ಠಾಳ ಅವ್ನು, ಕ್ಲೆಲ್? ಜಂಬ ಕೊಚ್ಕೊಳ್ಳೋಕೆ ಸರ್ಕಾರದ ಕಾಗದನೇ ಬೇಕಿತ್ತಾ? ಅವ್ನ ಮನೆ ಹಾಳಾಗ!"

ಕ್ಲೆಲ್ ಮೆಕ್ಕೆಜೋಳದ ಬ್ರೆಡ್ಡು ಅಗಿಯುತ್ತಿದ್ದ. "ಉಪ್ಪು ಸ್ವಲ್ಪ ಕಮ್ಮಿ," ಎಂದ.

ಭಾನುವಾರ ಚರ್ಚು ತುಂಬಿತ್ತು. ಯಾರೂ ಎದ್ದು ನಿಲ್ಲಲಿಲ್ಲ. ಎಲ್ಲರೂ ತಂತಮ್ಮ ಬೂಟುಗಳನ್ನು ಮೊದಲ ಸಲ ಕಂಡವರ ಹಾಗೆ ನೋಡುತ್ತ ಕೂತರು. ವಿಲ್ಡಾ ಇನ್ನೇನು ಬಾಯಿ ತೆರೆಯಬೇಕು, ಪಕ್ಕದಲ್ಲಿ ಕುಳಿತಿದ್ದ ಕ್ಲೆಲ್ ಬೆಂಚು ಹಿಡಿದು ಎದ್ದ.

"ನಾನು ಕಣಮ್ಮ ಅದು," ಎಂದ ಮಿಸ್ ರೆನ್ಫ್ರೋಗೆ. ಸ್ವಲ್ಪ ಕೆಮ್ಮಿ ಸುಧಾರಿಸಿಕೊಂಡ. "ಸುಳ್ಳಲ್ಲ. ಗಣಿ ನಡೀತಿದ್ದಾಗ ನಂಗೆ ಅಷ್ಟು ಬರ್ತಿತ್ತು. ಆಮೇಲೆ ಯಾರೂ ನನ್ನ ಸಂಬಳ ಎಷ್ಟು ಅಂತ ಕೇಳಿರ್ಲಿಲ್ಲ. ನೀವು ಕೇಳಿದ್ರಿ, ಬರೆದ್ಬಿಟ್ಟೆ."

ಹಿಂದಿನ ಬೆಂಚಿನಿಂದ ಹೋಬರ್ಟ್ ಎದ್ದ. "ನಾನೂ ಗಣಿ ಸಂಬಳನೇ ಬರ್ದಿದ್ದು." ಅವನ ಬೆನ್ನಿಗೆ ಇನ್ನೊಬ್ಬ, ಮತ್ತೊಬ್ಬ. ಕಣಿವೆಯ ಗಂಡಸರೆಲ್ಲ ಮುಚ್ಚಿಹೋದ ಗಣಿಯಿಂದ ಇನ್ನೂ ಸಂಬಳ ಎಣಿಸುತ್ತಿದ್ದರು.

ವಿಲ್ಡಾಗೆ ಮೈಯೆಲ್ಲ ಉರಿಯಿತು. ವಾರವೆಲ್ಲ ತನ್ನ ಮನೆಗೇ ಶಾಪ ಹಾಕಿಸಿದನಲ್ಲ ಈ ಮನುಷ್ಯ! ಆದರೂ ಕೈ ಚಾಚಿ ಅವನ ಮೊಣಕೈಗೆ ಆಸರೆ ಕೊಟ್ಟಳು.

ಮಿಸ್ ರೆನ್ಫ್ರೋ ಹೊಸ ಕಾಗದ ತೆಗೆದಳು. "ಸರಿ ಸರ್. ಈಗಿನ ಆದಾಯ ಎಷ್ಟು?"

ಕ್ಲೆಲ್ ವಿಲ್ಡಾಳ ಕಡೆ ತಿರುಗಿದ. ಕಣಿವೆಯೆಲ್ಲ ಕೇಳಿಸಿಕೊಳ್ಳುತ್ತಿತ್ತು.

"ನಂಗೆ ಗೊತ್ತಿಲ್ಲ," ಎಂದ. "ಅವಳನ್ನ ಕೇಳಿ. ಮನೆ ನಡೆಸ್ತಿರೋಳು ಅವಳು."